ಕಡಲಹಕ್ಕಿ ಕಲಿಸಿದ ಬಿಸಿಲಪಾಠ

ಆರೋಗ್ಯದ ಜಾಹೀರಾತುಗಳು ಸಾಮಾನ್ಯವಾಗಿ ಹೆದರಿಸುತ್ತವೆ, ಇಲ್ಲವೇ ಉಪದೇಶ ಮಾಡುತ್ತವೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಕ್ಯಾನ್ಸರ್ ಕೌನ್ಸಿಲ್ 1981ರಲ್ಲಿ ಟೀವಿಗೆ ತಂದ 'ಸ್ಲಿಪ್! ಸ್ಲಾಪ್! ಸ್ಲ್ಯಾಪ್!' ಎರಡನ್ನೂ ಬಿಟ್ಟಿತು. ಸಿಡ್ ಎಂಬ ಕಾರ್ಟೂನ್ ಕಡಲಹಕ್ಕಿ ಹಾಡಿ ಕುಣಿದು ಮೂರೇ ಕೆಲಸ ಹೇಳಿತು: ಅಂಗಿ ತೊಡುವುದು, ಸನ್‌ಸ್ಕ್ರೀನ್ ಬಳಿದುಕೊಳ್ಳುವುದು, ಟೋಪಿ ಹಾಕುವುದು. ಬಿಸಿಲಿಗೆ ಮೈಯೊಡ್ಡಿ ಬಣ್ಣ ಕಂದಿಸಿಕೊಳ್ಳುವುದೇ ಚೆಲುವು ಎಂದುಕೊಂಡಿದ್ದ ಜನಕ್ಕೆ ಹೇಳಿದ ಮಾತಿದು. ಅದು ಮಕ್ಕಳ ಬಾಯಿಗೂ ಹತ್ತಿತು ಎನ್ನುವುದು ಸಣ್ಣ ಗೆಲುವಲ್ಲ.

ಚಿಕಿತ್ಸೆಯ ಗೊಡವೆಗೆ ಹೋಗದೆ ತಡೆಯನ್ನಷ್ಟೇ ಹೇಳಿದ್ದು ಇದರ ಜಾಣತನ. ನೇರಳಾತೀತ ಕಿರಣ, ಅದರಲ್ಲೂ ಯುವಿ-ಬಿ, ಚರ್ಮದ ಕೋಶಗಳ ಡಿಎನ್‌ಎಯಲ್ಲಿ ಅಕ್ಕಪಕ್ಕದ ಥೈಮಿನ್ ಎಂಬ ಘಟಕಗಳನ್ನು ಬೆಸೆದುಬಿಡುತ್ತದೆ. ಕೋಶ ಆ ಗಂಟನ್ನು ಕತ್ತರಿಸಿ ಸರಿಮಾಡಿಕೊಳ್ಳುತ್ತದೆ. ಆಗದಿದ್ದರೆ ತಾನೇ ಸಾಯುತ್ತದೆ. ಎರಡೂ ಆಗದೆ ತಪ್ಪನ್ನು ಹೊತ್ತು ಉಳಿದ ಕೋಶವೇ ಮುಂದೆಂದೋ ಕ್ಯಾನ್ಸರಿಗೆ ಮೂಲವಾಗಬಹುದು. ಚರ್ಮದ ಕೆಂಪು ತುದಿಗೇರುವುದು 12ರಿಂದ 24 ಗಂಟೆಯಲ್ಲಿ. ಉರಿ ಶುರುವಾದ ಮೇಲೆ ನೆರಳಿಗೆ ಓಡಿದರೆ ಆದ ಹಾನಿ ಆಗಿಯೇ ಹೋಗಿರುತ್ತದೆ.

ಕೊರತೆಗಳೂ ಇವೆ. ಏನು ಮಾಡಬೇಕೆಂದು ಹೇಳಿದ ಹಾಡು ಯಾವಾಗ ಎಂದು ಹೇಳಲಿಲ್ಲ. ನೇರಳಾತೀತ ಕಿರಣ ಕಣ್ಣಿಗೆ ಕಾಣದು, ಮೈಗೆ ಸೆಕೆ ಎನಿಸದು. ತಂಗಾಳಿ ಬೀಸುವ ದಿನವೂ ಚರ್ಮ ಸುಡುತ್ತದೆ. ಯುವಿ ಸೂಚ್ಯಂಕ 3 ಮುಟ್ಟಿದರೆ ರಕ್ಷಣೆ ಬೇಕು ಎಂಬ ಸರಳ ಅಳತೆ ಬಂದದ್ದು ಆಮೇಲೆ. ನೆರಳು ಮತ್ತು ತಂಪು ಕನ್ನಡಕ ಸೇರಿದ್ದು 2007ರಲ್ಲಿ. ಎಷ್ಟು ಬಳಿಯಬೇಕೆಂಬುದೂ ಹಾಡಿನಲ್ಲಿಲ್ಲ. ಡಬ್ಬಿಯ ಮೇಲಿನ ಎಸ್‌ಪಿಎಫ್ ಸಂಖ್ಯೆ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ ಅಳೆದದ್ದು. ಜನ ಹಚ್ಚುವುದು ಬಹುತೇಕ ಅದರ ಅರ್ಧಕ್ಕಿಂತ ಕಡಿಮೆ. ಹಾಗೆಂದು ಕ್ರೀಮು ವ್ಯರ್ಥವಲ್ಲ. ಕ್ವೀನ್ಸ್‌ಲ್ಯಾಂಡಿನ ನಾಂಬೋರ್‌ನಲ್ಲಿ 1992ರಿಂದ 1996ರವರೆಗೆ ನಡೆದ ಪ್ರಯೋಗದಲ್ಲಿ, ದಿನವೂ ಹಚ್ಚಿಕೊಂಡವರಲ್ಲಿ ಸ್ಕ್ವೇಮಸ್ ಸೆಲ್ ಎಂಬ ಬಗೆಯ ಚರ್ಮದ ಕ್ಯಾನ್ಸರ್ ಸುಮಾರು ಶೇ. 40ರಷ್ಟು ಇಳಿಯಿತು.

ದೊಡ್ಡ ಕೊರತೆಯೆಂದರೆ ಎಲ್ಲ ಮೈಬಣ್ಣಕ್ಕೂ ಒಂದೇ ಪಾಠ. ಮೆಲನಿನ್ ಎಂಬ ವರ್ಣದ್ರವ್ಯ ಹೆಚ್ಚಿರುವ ಚರ್ಮದಲ್ಲಿ ಬಿಸಿಲಿನಿಂದ ಬರುವ ಕ್ಯಾನ್ಸರ್‌ನ ಅಪಾಯ ಬಹಳ ಕಡಿಮೆ. ಆದರೆ ಸಾಕಷ್ಟು ವಿಟಮಿನ್ ಡಿ ತಯಾರಾಗಲು ಅದಕ್ಕೆ ಹೆಚ್ಚು ಬಿಸಿಲು ಬೇಕು. ಹಾಗಾಗಿ ಮೆಲ್ಬರ್ನಿನಲ್ಲಿರುವ ಗಾಢ ಮೈಬಣ್ಣದ ಕನ್ನಡಿಗರು ಸಿಡ್‌ನ ಮಾತನ್ನು ಅಕ್ಷರಶಃ ಪಾಲಿಸಬೇಕಿಲ್ಲ. ಬಿಸಿಲಲ್ಲಿ ಬಹಳ ಹೊತ್ತು ಇರುವ ದಿನ ಮರೆಯಲೂಬಾರದು.

ಒಟ್ಟಿನಲ್ಲಿ, ಅರೆಬರೆಯಾದರೂ ಒಳ್ಳೆಯ ಪಾಠ. ಅದರಲ್ಲಿ ಉಳಿಸಿಕೊಳ್ಳಬೇಕಾದದ್ದು ಕ್ರಮ: ಮೊದಲು ಬಟ್ಟೆ, ಆಮೇಲೆ ಕ್ರೀಮು.