ನಕ್ಷೆಯ ಹೆಸರು, ಹಡಗಿನ ಹೆಸರು

2016ರಲ್ಲಿ ಬಂದ ‘ಸ್ಟೆಲ್ಲಾರಿಸ್’ ಎಂಬ ಬಾಹ್ಯಾಕಾಶ ಸಾಮ್ರಾಜ್ಯದ ಕಂಪ್ಯೂಟರ್ ಆಟದಲ್ಲಿ ಸಮರನೌಕೆಯ ನಕ್ಷೆಗೆ ಇಡುವ ಹೆಸರು ಬರೀ ಶೋಕಿಯಲ್ಲ. ತಿದ್ದಿದ ನಕ್ಷೆಯನ್ನು ಹಳೆಯ ಹೆಸರಿನಲ್ಲೇ ಉಳಿಸಿದರೆ ಹಳೆಯದರ ಜಾಗದಲ್ಲಿ ಹೊಸದು ಕೂರುತ್ತದೆ, ಆ ಮಾದರಿಯ ಹಡಗುಗಳನ್ನೆಲ್ಲ ಮೇಲ್ದರ್ಜೆಗೇರಿಸಬಹುದು. ಬೇರೆ ಹೆಸರು ಕೊಟ್ಟರೆ ಅದು ಬೇರೆಯೇ ನಕ್ಷೆ. ಹಾಗಾಗಿ ‘ಲೇಸರ್ ಕ್ರೂಸರ್’ ಎಂದು ಆಯುಧದ ಹೆಸರಿಟ್ಟವರು ಲೇಸರ್ ಕಿತ್ತು ಬೇರೆ ಫಿರಂಗಿ ಕೂರಿಸಿದ ದಿನವೇ ಆ ಹೆಸರು ಸುಳ್ಳಾಗುತ್ತದೆ. ‘ರುದ್ರ’ ಎಂದಿಟ್ಟರೆ ಸುಳ್ಳಾಗದು, ಏನನ್ನೂ ಹೇಳುವುದೂ ಇಲ್ಲ. ‘ಬೆಂಗಾವಲು’, ‘ದೂರದ ಹೊಡೆತ’ ಎಂದು ಮಾಡುವ ಕೆಲಸವನ್ನೇ ಹೆಸರಾಗಿಸುವುದು ಲೇಸು. ಆಯುಧ ಎಷ್ಟು ಸಲ ಬದಲಾದರೂ ಕೆಲಸ ಅದೇ ಇರುತ್ತದೆ.

ಶ್ರೀರಂಗಪಟ್ಟಣದಲ್ಲಿ ಕೂತು ಟಿಪ್ಪು 1796ರಲ್ಲಿ ಹೊರಡಿಸಿದ ನೌಕಾ ಹುಕುಂನಾಮೆಯನ್ನು ಈ ಕಣ್ಣಿನಿಂದ ಓದಬೇಕು. ಕಾವೇರಿಯ ನಡುಗಡ್ಡೆಯಿಂದ ಕಡಲಿಗೆ ಹಾಕಿದ ಲೆಕ್ಕವದು: 20 ದೊಡ್ಡ ಸಮರನೌಕೆ, 20 ಫ್ರಿಗೇಟ್, ಅವನ್ನು ಮೂರು ಕಚೇರಿಗಳಿಗೆ ಹಂಚಿಕೆ. ಊರು, ತಿಂಗಳು, ಅಳತೆಗಳಿಗೆಲ್ಲ ಹೊಸ ಹೆಸರಿಡುವ ಹುಚ್ಚು ಆತನಿಗಿತ್ತು. ಮಂಗಳೂರಿನ ಕಚೇರಿ ಜಮಾಲಾಬಾದ್ ಆಯಿತು, ಸದಾಶಿವಗಡದ್ದು ಮಜೀದಾಬಾದ್. ಆದರೆ ಹಡಗುಗಳ ಪಟ್ಟಿಯಲ್ಲಿ ಮೊದಲು ಬರುವುದು ದರ್ಜೆ, ಆಮೇಲೆ ಯಾರ ಸುಪರ್ದಿ ಎಂಬುದು. ಇದು ಕಾಗದದ ಮೇಲಿನ ಪಡೆ ಎಂಬ ಆಕ್ಷೇಪವಿದೆ, ನಿಜ. ಯೋಜನೆ ಪೂರ್ತಿಯಾಗುವ ಮೊದಲೇ, 1799ರ ಮೇ 4ರಂದು, ಕೋಟೆ ಬಿತ್ತು. ಆದರೆ ಹಡಗು ಕಟ್ಟಿ ಮುಗಿಯಲಿಲ್ಲ ಎಂದ ಮಾತ್ರಕ್ಕೆ ವಿಂಗಡಿಸಿದ ಕ್ರಮ ತಪ್ಪಾಗುವುದಿಲ್ಲ.

ಇಂಥ ಒಣ ಹೆಸರುಗಳಿಂದ ಆಟದ ಸೊಗಸೇ ಹೋಗುತ್ತದೆ ಎನ್ನುವವರ ಮಾತಿಗೆ ತೂಕವಿದೆ. ಸಾಮ್ರಾಜ್ಯ ಕಟ್ಟಲು ಹೊರಟವರಿಗೆ ಗುಮಾಸ್ತರ ಖಾತೆ ಪುಸ್ತಕ ಯಾಕೆ ಬೇಕು? ಉತ್ತರ ಭಾರತೀಯ ನೌಕಾಪಡೆಯಲ್ಲಿದೆ. 1957ರಲ್ಲಿ ಪಡೆಗೆ ಸೇರಿದ ಐಎನ್‌ಎಸ್ ಮೈಸೂರು ಬ್ರಿಟನ್ನಿನಿಂದ ಕೊಂಡ ಹಳೆಯ ಕ್ರೂಸರ್, ಅಲ್ಲಿ ಅದರ ಹೆಸರು ‘ನೈಜೀರಿಯಾ’. 1999ರಲ್ಲಿ ಅದೇ ಹೆಸರು ಹೊತ್ತು ಬಂದದ್ದು ಕ್ಷಿಪಣಿಗಳ ಡೆಸ್ಟ್ರಾಯರ್. ಎರಡಕ್ಕೂ ಸಮಾನವಾದದ್ದು ಹೆಸರೊಂದೇ. ಅದನ್ನು ನಂಬಿ ನಕ್ಷೆ ಹುಡುಕಿದವರು ಕೆಟ್ಟರು. ನಕ್ಷೆಗೆ ಬೇರೆ ಗುರುತಿದೆ: ಪ್ರಾಜೆಕ್ಟ್ 15, ಅದನ್ನು ತಿದ್ದಿ ಬೆಳೆಸಿದ್ದು 15ಎ, ಆಮೇಲೆ 15ಬಿ. ಅಭಿಮಾನವೆಲ್ಲ ಹಡಗಿಗೆ, ಲೆಕ್ಕವೆಲ್ಲ ನಕ್ಷೆಗೆ. ಸ್ಟೆಲ್ಲಾರಿಸ್‌ನಲ್ಲೂ ಒಂದೊಂದು ಹಡಗಿಗೆ ಪ್ರತ್ಯೇಕ ಹೆಸರಿಡಬಹುದು. ಸೊಗಸಿಗೆ ಅಲ್ಲಿ ಬೇಕಾದಷ್ಟು ಜಾಗವಿದೆ. ಆದರೆ ನಕ್ಷೆಗೂ ಆಟ ತಾನಾಗಿ ಸೂಚಿಸುವುದು ಅಂಥದೇ ಅಬ್ಬರದ ಹೆಸರುಗಳನ್ನು. ಹೊಸಬರು ದಾರಿ ತಪ್ಪುವುದು ಅಲ್ಲಿಂದಲೇ, ಅದು ಆಟ ಕಟ್ಟಿದವರ ತಪ್ಪು.