ಜೈನ ಶಾಲಾಕ್ಯತಂತ್ರ: ಪೂಜ್ಯಪಾದರ ನಷ್ಟಗ್ರಂಥ ಮತ್ತು ನೇತ್ರಚಿಕಿತ್ಸೆಯ ಪಾಠವಿಚಾರ

ಕ್ರಿ.ಶ. ಒಂಬತ್ತನೆಯ ಶತಮಾನದ ಉಗ್ರಾದಿತ್ಯಾಚಾರ್ಯರು ತಮ್ಮ ‘ಕಲ್ಯಾಣಕಾರಕ’ದಲ್ಲಿ ಪೂರ್ವಾಚಾರ್ಯರನ್ನು ಸ್ಮರಿಸುವಾಗ ವೈದ್ಯದ ಅಂಗಗಳನ್ನು ಒಬ್ಬೊಬ್ಬರ ಹೆಸರಿಗೆ ಸೇರಿಸಿ ಹೇಳಿದ್ದಾರೆ. ಶಲ್ಯತಂತ್ರ ಪಾತ್ರಸ್ವಾಮಿಗಳದು, ವಿಷ ಮತ್ತು ಗ್ರಹಶಮನ ಸಿದ್ಧಸೇನರದು, ಕಾಯಚಿಕಿತ್ಸೆ ದಶರಥಗುರುಗಳದು, ಶಿಶುವೈದ್ಯ ಮೇಘನಾದರದು, ಶಾಲಾಕ್ಯ ಪೂಜ್ಯಪಾದರದು. ಕಣ್ಣು, ಕಿವಿ, ಮೂಗು, ಬಾಯಿ, ಶಿರಸ್ಸುಗಳ ರೋಗಗಳನ್ನು ಕುರಿತ ಈ ಅಂಗದಲ್ಲಿ ನೇತ್ರರೋಗಗಳಿಗೇ ಪ್ರಥಮಸ್ಥಾನ. ಆದುದರಿಂದ ಪೂಜ್ಯಪಾದರನ್ನು ಜೈನಪರಂಪರೆಯ ಆದಿನೇತ್ರವೈದ್ಯರೆಂದು ಕರೆಯುವ ವಾಡಿಕೆ ಬೆಳೆದಿದೆ. ವಾಡಿಕೆ ಸುಂದರವಾದುದು, ಆದರೆ ಅದಕ್ಕೆ ಆಧಾರವಾಗಬೇಕಾದ ಗ್ರಂಥ ಉಳಿದುಬಂದಿಲ್ಲ ಎಂಬುದನ್ನು ಅನೇಕ ಲೇಖಕರು ಮರೆತಂತೆ ಕಾಣುತ್ತದೆ.

ಈ ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ ಮತ್ತು ಜೈನೇಂದ್ರ ವ್ಯಾಕರಣಗಳ ಕರ್ತೃಗಳಾದ ದೇವನಂದಿಗಳೇ ಎಂಬುದಕ್ಕೆ ಪರಂಪರೆಯ ಬೆಂಬಲವುಂಟು. ಶುಭಚಂದ್ರರು ‘ಜ್ಞಾನಾರ್ಣವ’ದಲ್ಲಿ ದೇವನಂದಿಗಳ ವಚನಗಳು ಕಾಯ, ವಾಕ್, ಚಿತ್ತಗಳ ಕಲಂಕವನ್ನು ಕಳೆಯುತ್ತವೆಯೆಂದು ನಮಸ್ಕರಿಸಿರುವುದನ್ನು ವೈದ್ಯ, ವ್ಯಾಕರಣ, ಅಧ್ಯಾತ್ಮ ಕೃತಿಗಳ ಸೂಚನೆಯೆಂದು ವಿದ್ವಾಂಸರು ಅರ್ಥೈಸಿದ್ದಾರೆ, ಅದು ಸಮಂಜಸವೂ ಆಗಿದೆ. ಶ್ರವಣಬೆಳಗೊಳದ ಶಾಸನ ಅವರ ಔಷಧರ್ದ್ಧಿಯನ್ನು ಹೊಗಳುತ್ತದೆ. ಅದೇ ಆಚಾರ್ಯರು ದೃಷ್ಟಿಯನ್ನು ಕಳೆದುಕೊಂಡು ಶಾಂತ್ಯಷ್ಟಕವನ್ನು ರಚಿಸಿ ಮರಳಿ ಪಡೆದರೆಂಬ ಕಥೆಯೂ ಪ್ರಚಲಿತ. ಶಾಲಾಕ್ಯಕರ್ತೃವಿಗೆ ಅಂಜನದಿಂದಲ್ಲ, ಸ್ತೋತ್ರದಿಂದ ದೃಷ್ಟಿ ಬಂದಿತೆಂದು ಕಥೆ ಹೇಳುವುದು ವಿಚಿತ್ರವೆನಿಸಬಹುದು. ಕಥೆಗಾರನಿಗೆ ಶಾಲಾಕ್ಯದ ನೆನಪೇ ಇರಲಿಲ್ಲವೆಂದು ಭಾವಿಸುವುದು ಹೆಚ್ಚು ಸಹಜ.

ತೊಡಕು ಬೇರೆಡೆ ಇದೆ. ‘ಬಸವರಾಜೀಯ’ದಂತಹ ಈಚಿನ ಸಂಗ್ರಹಗಳಲ್ಲಿ ಪೂಜ್ಯಪಾದರ ಅಂಕಿತವನ್ನು ಹೊತ್ತ ಯೋಗಗಳು ಹಲವು ದೊರೆಯುತ್ತವೆ. ಇವುಗಳನ್ನು ಆಯ್ದು ನಷ್ಟಗ್ರಂಥವನ್ನು ಪುನಾರಚಿಸಬಹುದೆಂಬ ಆಶೆ ಆಗಾಗ ಪ್ರಕಟವಾಗುತ್ತದೆ. ಸಂಸ್ಕರಿಸಿದ ಪಾರದ, ಗಂಧಕ, ವತ್ಸನಾಭಗಳನ್ನು ಕೂಡಿಸಿ ಮಾಡುವ ರಸಯೋಗಗಳು ಆರನೆಯ ಶತಮಾನದ ಸುಮಾರಿನ ಒಬ್ಬ ಆಚಾರ್ಯರ ಕೃತಿಯವಾಗಲಾರವು. ಅಹಿಫೇನ ಸೇರಿದ ಯೋಗವಂತೂ ಅದಕ್ಕಿಂತ ಹಲವು ಶತಮಾನ ಈಚಿನದು. ಮಾನ್ಯ ಹೆಸರೊಂದನ್ನು ಯೋಗದ ಕೊನೆಗೆ ಇಡುವುದು ಹಸ್ತಪ್ರತಿಲೋಕದಲ್ಲಿ ಹೊಸದಲ್ಲ. ಇಂತಹ ಯೋಗಗಳಿಂದ ಶಾಲಾಕ್ಯವನ್ನು ಕಟ್ಟಹೊರಡುವುದು ಆಚಾರ್ಯರಿಗೆ ಗೌರವವಲ್ಲ.

ಹಾಗಾದರೆ ಹಿಡಿಯಬೇಕಾದ ದಾರಿ ಯಾವುದು? ಸುಶ್ರುತಸಂಹಿತೆಯ ಉತ್ತರತಂತ್ರವನ್ನು ಅಳತೆಗೋಲಾಗಿ ಇಟ್ಟುಕೊಂಡು, ಜೈನವೈದ್ಯರು ಯಾವುದನ್ನು ಬಿಡಲೇಬೇಕಾಗಿತ್ತು, ಯಾವುದನ್ನು ಬಿಡಬೇಕಾಗಿರಲಿಲ್ಲ ಎಂದು ನೋಡುವುದು. ಸುಶ್ರುತನಲ್ಲಿ ನೇತ್ರರೋಗಗಳು 76; ಅವುಗಳಲ್ಲಿ ಛೇದ್ಯ 11, ಲೇಖ್ಯ 9, ಭೇದ್ಯ 5, ವೇಧ್ಯ 15. ಎಂದರೆ 40 ರೋಗಗಳಲ್ಲಿ ಶಸ್ತ್ರವೇ ಪ್ರಧಾನ. ಅಹಿಂಸಾವ್ರತದಿಂದ ಜೈನರಲ್ಲಿ ಶಸ್ತ್ರಕರ್ಮ ಕುಗ್ಗಿತೆಂಬ ಮಾತನ್ನು ಕೆಲವು ಇತಿಹಾಸಕಾರರು ಲಘುವಾಗಿ ಆಡಿದ್ದಾರೆ. ಪಾತ್ರಸ್ವಾಮಿಗಳ ಶಲ್ಯತಂತ್ರವನ್ನು ಉಗ್ರಾದಿತ್ಯರು ಆದರದಿಂದ ಹೆಸರಿಸಿರುವುದೇ ಇದಕ್ಕೆ ಉತ್ತರ. ರೋಗಿಯ ಹಿತಕ್ಕಾಗಿ ಎಚ್ಚರದಿಂದ ಮಾಡುವ ಛೇದನ ಪ್ರಮತ್ತಯೋಗವಲ್ಲ. ತತ್ತ್ವಾರ್ಥಸೂತ್ರದ ಹಿಂಸಾಲಕ್ಷಣ ಅದಕ್ಕೆ ಹೊಂದುವುದಿಲ್ಲ.

ಶಸ್ತ್ರಕರ್ಮದ ವಿವರಗಳನ್ನು ನೋಡಿದರೆ ಅಲ್ಲಿ ತ್ಯಾಜ್ಯವಾದುದು ಎಷ್ಟು ಕಡಿಮೆಯೆಂದು ತಿಳಿಯುತ್ತದೆ. ಕಫಜ ಲಿಂಗನಾಶದಲ್ಲಿ ರೋಗಿಯನ್ನು ಕೂರಿಸಿ, ತನ್ನ ಮೂಗನ್ನೇ ನೋಡುವಂತೆ ಹೇಳಿ, ಕರಿಯ ಭಾಗದಿಂದ ಎರಡು ಪಾಲು ಬಿಳಿಯನ್ನು ಬಿಟ್ಟು ಅಪಾಂಗದ ಕಡೆಯಿಂದ ಯವದ ಮೊನೆಯಂತಹ ಶಲಾಕೆಯಿಂದ ವೇಧಿಸಬೇಕು. ಎಡಗಣ್ಣಿಗೆ ಬಲಗೈ, ಬಲಗಣ್ಣಿಗೆ ಎಡಗೈ. ಸರಿಯಾಗಿ ಚುಚ್ಚಿದಾಗ ಶಬ್ದವೂ ಒಂದು ಹನಿ ನೀರೂ ಬರುತ್ತವೆ. ಕಣ್ಣನ್ನು ಸ್ತನ್ಯದಿಂದ ಸೇಚನ ಮಾಡಿ, ದೃಷ್ಟಿಮಂಡಲವನ್ನು ಶಲಾಕೆಯ ತುದಿಯಿಂದ ಕೆರೆದು, ಎದುರು ಹೊಳ್ಳೆಯನ್ನು ಮುಚ್ಚಿ ಸೀದಿ ಕಫವನ್ನು ಹೊರಹಾಕಬೇಕು. ಬಳಿಕ ತುಪ್ಪದ ಅರಳೆ, ಪಟ್ಟಿ, ಅಂಗಾತ ಮಲಗುವಿಕೆ. ಕೆಮ್ಮು, ಸೀನು, ತೇಗು, ಉಗುಳುಗಳ ನಿಷೇಧ. ಮದ್ಯ, ಮಾಂಸ, ಮಧುಗಳಿಲ್ಲದೆಯೇ ಈ ಕರ್ಮವೆಲ್ಲ ನಡೆಯುತ್ತದೆ. ಇದನ್ನು ಪೊರೆಯನ್ನು ಹೊರತೆಗೆಯುವ ಶಸ್ತ್ರಕ್ರಿಯೆಯೆಂದು ಹೊಗಳುವುದು ಮಾತ್ರ ತಪ್ಪು. ಮಸುಳಿದ ಮಸೂರ ಕಣ್ಣಿನೊಳಗೇ ಕೆಳಕ್ಕೆ ಸರಿಯುತ್ತಿತ್ತು. ಮೂಗಿನಿಂದ ಬಂದ ಕಫ ಬೇರೆಯದೇ. ಮಸೂರವನ್ನು ಕ್ರಮಬದ್ಧವಾಗಿ ಹೊರತೆಗೆಯುವ ವಿಧಾನ 18ನೆಯ ಶತಮಾನದ ಮಧ್ಯದಲ್ಲಿ ಫ್ರಾನ್ಸಿನ ದಾವಿಯೆಲ್‌ನಿಂದ ಪ್ರಸಿದ್ಧವಾಯಿತು. ಅರ್ಮಛೇದನದಲ್ಲಿ ಸುಶ್ರುತನ ಅನುಭವ ಇನ್ನೂ ಸ್ಪಷ್ಟ: ಕನೀನಕವನ್ನು ಕತ್ತರಿಸಿದರೆ ರಕ್ತಸ್ರಾವ ಮತ್ತು ನಾಡೀವ್ರಣ, ಕಡಿಮೆ ಕತ್ತರಿಸಿದರೆ ರೋಗ ಮರಳಿ ಬೆಳೆಯುತ್ತದೆ. ಅರ್ಮ ಮರುಕಳಿಸುವ ಈ ತೊಂದರೆ ಇಂದಿನ ನೇತ್ರವೈದ್ಯರಿಗೂ ತಪ್ಪಿಲ್ಲ.

ನಿಜವಾದ ಪರೀಕ್ಷೆ ಔಷಧಭಾಗದಲ್ಲಿದೆ, ಅದರಲ್ಲೂ ನಕ್ತಾಂಧ್ಯದಲ್ಲಿ. ಇರುಳುಗುರುಡಿಗೆ ಸುಶ್ರುತನು ಪಿಪ್ಪಲಿಯೊಡನೆ ಬೇಯಿಸಿದ ಆಡಿನ ಯಕೃತ್ತನ್ನು ಹೇಳುತ್ತಾನೆ. ಯಕೃತ್ತಿನಲ್ಲಿ ‘ಎ’ ಜೀವಸತ್ತ್ವ ಹೇರಳವಾಗಿರುವುದರಿಂದ ಅದರ ಗುಣ ಕಲ್ಪಿತವಲ್ಲ. ಇದಕ್ಕೆ ಸಮಾನವೇಗದ ಔಷಧ ಆ ಕಾಲದಲ್ಲಿ ಬೇರೊಂದಿರಲಿಲ್ಲ. ಜೈನವೈದ್ಯರು ಇದನ್ನು ಬಿಟ್ಟರು. ಬಿಟ್ಟುದರಿಂದ ಏನೂ ನಷ್ಟವಾಗಲಿಲ್ಲವೆಂದು ವಾದಿಸುವುದು ಭಕ್ತಿಯೇ ಹೊರತು ವಿಮರ್ಶೆಯಲ್ಲ. ಆದರೆ ಸುಶ್ರುತನೇ ದೃಷ್ಟಿಗೆ ಹಿತವಾದುವೆಂದು ಜೀವಂತಿ, ಸುನಿಷಣ್ಣಕ, ತಂಡುಲೀಯ, ವಾಸ್ತುಕ ಮೊದಲಾದ ಸೊಪ್ಪುಗಳನ್ನು ಪಕ್ಷಿಮಾಂಸದ ಪಕ್ಕದಲ್ಲೇ ಎಣಿಸಿದ್ದಾನೆ. ಹಸಿರು ಸೊಪ್ಪಿನ ವರ್ಣದ್ರವ್ಯದಿಂದ ದೇಹ ಅದೇ ಜೀವಸತ್ತ್ವವನ್ನು ಮಾಡಿಕೊಳ್ಳುತ್ತದೆ. ಜಿಡ್ಡು ಜೊತೆಗಿದ್ದರೆ ಅದು ಚೆನ್ನಾಗಿ ಹಿಡಿಯುತ್ತದೆ. ತುಪ್ಪದಲ್ಲಿ ಬೆಂದ ಹರಿವೆಸೊಪ್ಪು ನಿಧಾನವಾದರೂ ನಿಷ್ಫಲವಲ್ಲ. ಅದೇ ಪಟ್ಟಿಯ ಎಳೆಮೂಲಂಗಿ ಮಾತ್ರ ಕಂದಮೂಲವೆಂದು ಶ್ರಾವಕನ ಅಡುಗೆಮನೆಯ ಹೊಸ್ತಿಲಲ್ಲೇ ನಿಲ್ಲಬೇಕಾಗುತ್ತದೆ. ಶುಕ್ರರೋಗದ ಒಂದು ಲೇಖ್ಯಾಂಜನದಲ್ಲಿ ಕೋಳಿಮೊಟ್ಟೆಯ ಚಿಪ್ಪು, ಬೆಳ್ಳುಳ್ಳಿ ಎರಡೂ ಒಟ್ಟಿಗೆ ಬರುತ್ತವೆ; ಜೈನಪಾಠದಲ್ಲಿ ಅಂತಹ ಯೋಗವನ್ನು ತಿದ್ದುವುದಕ್ಕಿಂತ ಕೈಬಿಡುವುದೇ ಸುಲಭ. ಶಂಖ, ಸಮುದ್ರಫೇನಗಳ ಪ್ರಶ್ನೆ ಇಷ್ಟು ಸರಳವಲ್ಲ. ಪಂಡಿತರು ಅದನ್ನು ಬೇರೆಯಾಗಿ ಚರ್ಚಿಸುವುದು ಯುಕ್ತ.

ಅತ್ಯಂತ ಸೂಕ್ಷ್ಮವಾದುದು ಮಧುವಿನ ಪಾಠ. ಅಂಜನಗಳನ್ನು ಅರೆಯುವುದಕ್ಕೆ, ಪಕ್ಷ್ಮಕೋಪದಲ್ಲಿ ರೆಪ್ಪೆಯನ್ನು ಹೊಲಿದ ಮೇಲೆ ಗಾಯಕ್ಕೆ ಹಚ್ಚುವುದಕ್ಕೆ ಸುಶ್ರುತನು ಜೇನನ್ನು ಹೇಳುತ್ತಾನೆ. ಹೊರಲೇಪನಕ್ಕೆ ವ್ರತಭಂಗವಿಲ್ಲವೆಂಬ ಸಮಾಧಾನ ಇಲ್ಲಿ ಸಲ್ಲದು. ಮಧುವಿನ ಒಂದು ತುಣುಕಿನಲ್ಲೂ ಹಿಂಸೆಯಿದೆಯೆಂದು ಅಮೃತಚಂದ್ರಸೂರಿಗಳು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಹೇಳಿದ್ದಾರೆ, ತಾನಾಗಿ ಸುರಿದ ಮಧುವನ್ನೂ ಅವರು ಬಿಟ್ಟಿಲ್ಲ. ದೋಷ ತಿನ್ನುವುದರಲ್ಲಿ ಮಾತ್ರವಿಲ್ಲ, ಪಡೆಯುವುದರಲ್ಲೂ ಇದೆ. ಹೀಗಿರುವಾಗ ‘ಮಧು’ ಇದ್ದೆಡೆಯಲ್ಲಿ ‘ಮಧುಕ’ ಎಂಬ ಪಾಠ ಕಂಡರೆ ಸಂಪಾದಕನು ಏನೆಂದು ತಿಳಿಯಬೇಕು? ಮಧುಕವೆಂದರೆ ಯಷ್ಟಿಮಧು, ಕಣ್ಣಿನ ಯೋಗಗಳಲ್ಲಿ ಅದು ತಾನಾಗಿಯೇ ಬಹಳ ಕಡೆ ಬರುತ್ತದೆ. ಆದುದರಿಂದ ಪ್ರತಿಯೊಂದು ಮಧುಕವನ್ನೂ ಜೈನಪರಿಷ್ಕಾರವೆನ್ನುವುದು ಅವಸರ. ಲಿಪಿಕಾರನ ಕಣ್ತಪ್ಪೆಂದು ಮಧುವಿಗೆ ತಿದ್ದುವುದು ಅದಕ್ಕಿಂತ ದೊಡ್ಡ ಅಪರಾಧ. ಗ್ರಂಥಕರ್ತನು ಬೇಕೆಂದೇ ಬಿಟ್ಟುದನ್ನು ಸಂಪಾದಕನು ಅವನ ಬಾಯಲ್ಲಿ ಇಟ್ಟಂತಾಗುತ್ತದೆ.

ಇಲ್ಲಿ ಎರಡು ಪರೀಕ್ಷೆಗಳು ನೆರವಾಗುತ್ತವೆ. ಮಧುವಿಗೆ ಎರಡಕ್ಷರ, ಮಧುಕಕ್ಕೆ ಮೂರು. ಅಕ್ಷರವೃತ್ತದಲ್ಲಿ ಒಂದಕ್ಷರ ಹೆಚ್ಚಿದರೆ ಪಾದ ಮುರಿಯುತ್ತದೆ, ಆಗ ಅದು ಲಿಪಿಕಾರನ ಕೈವಾಡ. ಪಾದ ಸರಿಯಿದ್ದರೆ ಕಲ್ಪವನ್ನು ನೋಡಬೇಕು. ಅಂಜನದ ಚೂರ್ಣವನ್ನು ಅರೆಯಲು ದ್ರವ ಬೇಕು. ಒಣಬೇರಾದ ಯಷ್ಟಿಮಧು ದ್ರವದ ಸ್ಥಾನದಲ್ಲಿ ನಿಂತಿದ್ದು, ಹಾಲು, ತುಪ್ಪ, ಸ್ವರಸ ಯಾವುದೂ ಇಲ್ಲದಿದ್ದರೆ ಅಲ್ಲಿ ಮೊದಲು ಜೇನು ಇದ್ದಿರಬೇಕು, ಬಳಿಕ ಯಾರೋ ಪದವನ್ನು ಮಾತ್ರ ಬದಲಿಸಿ ಪಾಕವನ್ನು ಮರೆತಿರಬೇಕು. ದ್ರವವನ್ನೂ ಹೊಂದಿಸಿಕೊಟ್ಟಿದ್ದರೆ ಅದು ವೈದ್ಯನ ಕೈ. 1940ರಲ್ಲಿ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು ಸೊಲ್ಲಾಪುರದಿಂದ ಹಿಂದೀ ಅನುವಾದದೊಡನೆ ಪ್ರಕಟಿಸಿದ ‘ಕಲ್ಯಾಣಕಾರಕ’ವನ್ನೂ, ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’ದ ಓಲೆಗಳನ್ನೂ ಈ ದೃಷ್ಟಿಯಿಂದ ಪದಪದವಾಗಿ ಹೋಲಿಸುವ ಕೆಲಸ ನೇತ್ರಾಧಿಕಾರದಿಂದಲೇ ಆರಂಭವಾಗಬೇಕು, ಜೇನಿನ ಬಳಕೆ ಅಲ್ಲಿಯಷ್ಟು ದಟ್ಟವಾಗಿರುವ ಭಾಗಗಳು ಕಡಿಮೆ.