ಹೆಸರಿಲ್ಲದ ಫ್ರೆಂಚ್ ಇಂಜಿನಿಯರ್, ಹೆಸರಿರುವ ಅಶೋಕ: ಬಳ್ಳಾರಿಯ ‘ವಿಚಿತ್ರ ಕಥೆ’ಗಳ ಬಗ್ಗೆ ಒಂದು ತಕರಾರು

ಬಳ್ಳಾರಿ ಕೋಟೆ ನೋಡಲು ಹೋದವರಿಗೆಲ್ಲ ಒಂದು ಕಥೆ ಸಿಕ್ಕೇ ಸಿಗುತ್ತದೆ. ಹೈದರ್ ಅಲಿ ಒಬ್ಬ ಫ್ರೆಂಚ್ ಇಂಜಿನಿಯರನ್ನು ಇಟ್ಟುಕೊಂಡು ಕೋಟೆ ಕಟ್ಟಿಸಿದ. ಎಲ್ಲಾ ಮುಗಿದ ಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡ ಕೋಟೆ ಗುಡ್ಡಕ್ಕಿಂತ ಎತ್ತರ. ಅಲ್ಲಿ ತೋಪು ನಿಲ್ಲಿಸಿದರೆ ಕೋಟೆ ಒಳಗಿನದೆಲ್ಲ ಶತ್ರುವಿಗೆ ಬಯಲು. ಸಿಟ್ಟಿಗೆದ್ದ ಹೈದರ್ ಇಂಜಿನಿಯರನ್ನು ಪೂರ್ವದ ಬಾಗಿಲಲ್ಲೇ ನೇಣಿಗೆ ಹಾಕಿಸಿದ. ಬಾಗಿಲ ಹತ್ತಿರ ಇರುವ ಗೋರಿ ಅವನದೇ ಅಂತಾರೆ.

ನಾನೂ ವೃತ್ತಿಯಲ್ಲಿ ಇಂಜಿನಿಯರ್. ಬೇರೆ ಊರಿಂದ ಬಂದ ಗೆಳೆಯರಿಗೆ ಎಷ್ಟೋ ವರ್ಷ ಈ ಕಥೆ ನಾನೇ ಹೇಳಿದೀನಿ. “ನೋಡ್ರಿ, ಆ ಕಾಲದಲ್ಲಿ ಸೈಟ್ ಸರ್ವೆ ತಪ್ಪಿದ್ರೆ ನೇಣು, ಈಗ ಬರೀ ನೋಟಿಸು” ಅಂತ ತಮಾಷೆಯನ್ನೂ ಸೇರಿಸುತ್ತಿದ್ದೆ. ಹಾಗಾಗಿ ಈ ಬರಹದ ತಕರಾರು ಮೊದಲು ನನ್ನ ಮೇಲೇ.

‘ಇತಿಹಾಸದ ವಿಚಿತ್ರ ಸಂಗತಿಗಳು’, ‘ಯಾರಿಗೂ ತಿಳಿಯದ ಕಥೆಗಳು’ ಅನ್ನೋ ಬರಹ, ವಿಡಿಯೋಗಳು ಈಗ ಬಹಳ. ಜನ ಇತಿಹಾಸದ ಕಡೆ ಬರುವುದೇ ಅವುಗಳಿಂದ, ಆದ್ದರಿಂದ ಅವುಗಳನ್ನು ಹಗುರವಾಗಿ ನೋಡುವುದು ಬೇಡ. ಆದರೆ ಒಂದು ಬರಹವನ್ನು ವಿಮರ್ಶೆ ಮಾಡುವ ಹಾಗೆಯೇ ಈ ಕಥೆಗಳನ್ನೂ ವಿಮರ್ಶೆ ಮಾಡಬೇಕಲ್ಲವೇ? ಶಾಸನ ಓದುವಾಗ ನಾವು ಕೇಳುವ ಪ್ರಶ್ನೆಗಳು ಮೂರು. ಯಾರು ಹೇಳಿದ್ದು? ಯಾವಾಗ ಹೇಳಿದ್ದು? ಯಾಕೆ ಹೇಳಿದ್ದು? ಇವನ್ನೇ ಕಥೆಗೂ ಕೇಳೋಣ.

ಕೋಟೆ ಕಥೆಯ ಅಳತೆ

ಮೊದಲು ಹೆಸರು. ನೇಣಿಗೆ ಹೋದವನಿಗೆ ಹೆಸರಿಲ್ಲ. ವರ್ಷ ಇಲ್ಲ. ಗೋರಿಯ ಮೇಲೆ ಹಕ್ಕು ಇಬ್ಬರದು: ಅದು ಇಂಜಿನಿಯರನದು ಅಂತ ಕೆಲವರು, ಒಬ್ಬ ಮುಸ್ಲಿಂ ಸಂತನದು ಅಂತ ಊರಿನ ಬೇರೆಯವರು. ಒಂದೇ ಗೋರಿ ಅಪರಾಧಿಗೂ ಸಂತನಿಗೂ ಸೇರಬೇಕಾದರೆ ಆ ಗೋರಿಯನ್ನು ಸಾಕ್ಷಿ ಅಂತ ಹೇಳಲು ಬರುವುದಿಲ್ಲ.

ಎರಡನೆಯದು ಕಾಲದ ಲೆಕ್ಕ. ಗುಡ್ಡದ ಮೇಲಿನ ಕೋಟೆ ಹೈದರನದಲ್ಲ. ಅದು ವಿಜಯನಗರದ ಸಾಮಂತ ಹನುಮಪ್ಪ ನಾಯಕನದು ಎಂಬುದು ಪರಂಪರೆ. ಹೈದರನ ಹೆಸರಿಗೆ ಬರುವುದು ಕೆಳಗಿನ ಕೋಟೆ ಮತ್ತು ಮೇಲಿನದರ ದುರಸ್ತಿ. ಅಂದರೆ ಯಾವ ಗುಡ್ಡ ಅನ್ನೋ ತೀರ್ಮಾನ ಇಂಜಿನಿಯರ್ ಬರುವ ಎಷ್ಟೋ ಕಾಲ ಮುಂಚೆಯೇ ಆಗಿಹೋಗಿತ್ತು. ಸೈಟ್ ಆರಿಸಿದ್ದಕ್ಕೆ ಅವನನ್ನು ನೇಣಿಗೆ ಹಾಕುವುದು ಹೇಗೆ?

ಮೂರನೆಯದು ಕಣ್ಣಿಗೆ ಕಾಣುವ ವಿಷಯ. ಕುಂಬಾರ ಗುಡ್ಡ ನೆಲದಡಿಯ ಬಂಡೆ ಅಲ್ಲ, ಅಗೆದಾಗ ಸಿಕ್ಕಿತು ಅನ್ನೋದಕ್ಕೆ. ಬಳ್ಳಾರಿಗೆ ಯಾವ ದಾರಿಯಿಂದ ಬಂದರೂ ಎರಡೂ ಗುಡ್ಡ ಒಟ್ಟಿಗೆ ಕಾಣುತ್ತವೆ. ಹೈದರ್ ಈ ಊರಿಗೆ ಬಂದದ್ದಾದರೂ ಹೇಗೆ? 1775ರ ಸುಮಾರಿಗೆ ಅದೋನಿಯ ಬಸಾಲತ್ ಜಂಗ್ ಬಳ್ಳಾರಿಗೆ ಮುತ್ತಿಗೆ ಹಾಕಿಸಿದ. ಇಲ್ಲಿನ ಪಾಳೆಯಗಾರ ಹೈದರನ ನೆರವು ಕೇಳಿದ. ಹೈದರ್ ಶ್ರೀರಂಗಪಟ್ಟಣದಿಂದ ದಂಡು ಓಡಿಸಿಕೊಂಡು ಬಂದು ಮುತ್ತಿಗೆ ಮುರಿದ, ಆಮೇಲೆ ಕೋಟೆಯನ್ನು ತಾನೇ ಇಟ್ಟುಕೊಂಡ. ನೆರವಿಗೆ ಬಂದವನೇ ಮನೆ ಯಜಮಾನ ಆದ ಕಥೆ ಅದು. ಇಂಥ ಅನುಭವಿ ದಂಡನಾಯಕನಿಗೆ ಪಕ್ಕದ ಗುಡ್ಡದ ಎತ್ತರ ಕೋಟೆ ಕಟ್ಟಿ ಮುಗಿದ ಮೇಲೆ ಗೊತ್ತಾಯಿತು ಅಂದರೆ ನಂಬೋದು ಕಷ್ಟ.

ಆ ಮುತ್ತಿಗೆಯಲ್ಲಿ ಇನ್ನೊಂದು ಸ್ವಾರಸ್ಯ ಇದೆ. ಮುತ್ತಿಗೆ ಹಾಕಿದ ಬಸಾಲತ್ ಜಂಗನ ಕಡೆ ಲಾಲಿ ಎಂಬ ಫ್ರೆಂಚ್ ಸೇನಾನಿ ಇದ್ದ. ಮುಂದೆ ಅವನೇ ಹೈದರನ ಸೇವೆಗೆ ಬಂದ. ಬಳ್ಳಾರಿ ಕೋಟೆಯ ಸುತ್ತ ಒಬ್ಬ ಫ್ರೆಂಚನ ನೆನಪು ಉಳಿಯಲು ಇಷ್ಟೇ ಸಾಕಿತ್ತೇನೋ. ಇದು ನನ್ನ ಊಹೆ, ಊಹೆ ಅಂತಲೇ ಓದಿಕೊಳ್ಳಿ.

ಹಾಗಾದರೆ ನೇಣಿನ ಮಾತು ಎಲ್ಲಿಂದ ಬಂತು? ಇದು ಬಳ್ಳಾರಿಯ ಒಂದೇ ಕೋಟೆಯ ಕಥೆಯಲ್ಲ. ತಾಜಮಹಲ್ ಕಟ್ಟಿದವರ ಕೈ ಕಡಿಸಿದರು, ಮಾಸ್ಕೋದಲ್ಲಿ ಚರ್ಚ್ ಕಟ್ಟಿದವನ ಕಣ್ಣು ಕೀಳಿಸಿದರು ಅಂತ ಎಲ್ಲಾ ಕಡೆ ಇದೆ. ನಮ್ಮಲ್ಲೇ ಬೇಲೂರಿನ ಜಕಣಾಚಾರಿ ಇಲ್ಲವೇ? ವಿಗ್ರಹದ ಹೊಟ್ಟೆಯಲ್ಲಿ ಕಪ್ಪೆ, ತಪ್ಪು ತೋರಿಸಿದ ಮಗ, ಬಲಗೈ ಕಡಿದುಕೊಂಡ ಅಪ್ಪ. ದೊಡ್ಡ ಕೆಲಸ, ಅದರಲ್ಲೊಂದು ಸಣ್ಣ ದೋಷ, ಮಾಡಿದವನಿಗೆ ಶಿಕ್ಷೆ. ಅಚ್ಚು ಒಂದೇ, ಎರಕ ಬೇರೆ ಬೇರೆ. ಆದರೆ ಬೇಲೂರಿನ ಮದನಿಕೆಗಳ ಕೆಳಗೆ ಏನಿದೆ ಅಂತ ಬಗ್ಗಿ ಓದಿದರೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದ ನಿಜವಾದ ಶಿಲ್ಪಿಗಳ ಹೆಸರು ಸಿಗುತ್ತವೆ. ಜಕಣಾಚಾರಿ ಅಲ್ಲಿ ಎಲ್ಲೂ ರುಜು ಹಾಕಿಲ್ಲ. ನನ್ನ ತಕರಾರಿನ ತಿರುಳು ಇದೇ. ಕಥೆಯ ಒಬ್ಬ ಅಪ್ಪ ಮಗ ನಾಡಿಗೆಲ್ಲ ಗೊತ್ತು. ಕಲ್ಲಿನ ಮೇಲೆ ಹೆಸರು ಕೆತ್ತಿಕೊಂಡ ಇನ್ನೊಬ್ಬ ಅಪ್ಪ ಮಗನನ್ನು ಕೇಳುವವರಿಲ್ಲ.

ಶಾಸನವೂ ಕಥೆ ಕಟ್ಟುತ್ತದೆ

ಇಷ್ಟು ಹೇಳಿ ‘ಜನರ ಮಾತು ಸುಳ್ಳು, ಶಾಸನ ಸತ್ಯ’ ಅಂತ ಮುಗಿಸಿದರೆ ಅದೂ ಸೋಮಾರಿತನ. ಕುರುಗೋಡಿಗೆ ಬನ್ನಿ. ದೊಡ್ಡಬಸವೇಶ್ವರನ ಏಕಶಿಲಾ ನಂದಿ ನೋಡಲು ಬರುವವರು ಬಹಳ. ಆದರೆ 12ನೇ ಶತಮಾನದಲ್ಲಿ ಇದು ಸಿಂದರ ರಾಜಧಾನಿ, ಬಲ್ಲಕುಂದೆ ನಾಡನ್ನು ಇಲ್ಲಿಂದ ಆಳುತ್ತಿದ್ದರು ಅಂತ ಗೊತ್ತಿರುವವರು ಕಡಿಮೆ. ಸಿಂದರಿಗೆ ಹಲವು ಶಾಖೆ. ಬಾಗಲಕೋಟೆ ಕಡೆಯ ಶಾಖೆಯವರ ಭೈರನಮಟ್ಟಿ ಶಾಸನ ಮೂಲಪುರುಷನ ಹುಟ್ಟನ್ನು ಹೀಗೆ ಹೇಳುತ್ತದೆ: ನಾಗರಾಜ ಧರಣೇಂದ್ರನಿಗೆ ಸಿಂಧೂ ನದಿಯ ಸೀಮೆಯ ಅಹಿಚ್ಛತ್ರದಲ್ಲಿ ಒಬ್ಬ ಮಗ ಹುಟ್ಟಿದ, ಅವನನ್ನು ಹುಲಿ ಸಾಕಿತು, ಬೆಳೆದು ಕದಂಬರ ರಾಜಕುಮಾರಿಯನ್ನು ಮದುವೆಯಾದ.

ಇದಕ್ಕಿಂತ ವಿಚಿತ್ರ ಕಥೆ ಬೇಕೇ? ಅದೂ ಕಲ್ಲಿನಲ್ಲೇ ಇದೆ! ಆದರೆ ‘ಯಾಕೆ’ ಅಂತ ಕೇಳಿದ ಕೂಡಲೇ ಕಥೆ ಬಾಯಿ ಬಿಡುತ್ತದೆ. ವಂಶದ ಲಾಂಛನ ಹುಲಿ, ಅದಕ್ಕೆ ಹುಲಿ ಸಾಕಿತು. ಬಾವುಟದಲ್ಲಿ ಹೆಡೆ, ಅದಕ್ಕೆ ಅಪ್ಪ ನಾಗರಾಜ. ವಂಶದ ಹೆಸರು ಸಿಂದ, ಅದಕ್ಕೆ ಸಿಂಧೂ ನದಿ. ಕದಂಬರ ಸಂಬಂಧ ಗೌರವಕ್ಕೆ. ಚಾಲುಕ್ಯರ ಕೆಳಗೆ ಇದ್ದ ಒಂದು ಮನೆತನ ತನ್ನ ಮುದ್ರೆಗೆ, ಬಾವುಟಕ್ಕೆ, ಹೆಸರಿಗೆ ಒಂದೊಂದು ಕಾರಣ ಒದಗಿಸಿಕೊಂಡಿದೆ. ಹುಲಿ ಮಗು ಸಾಕಿದ್ದು ನಿಜ ಅಲ್ಲ. ಆದರೆ ಹಾಗೆ ಹೇಳಿಕೊಳ್ಳುವ ಅಗತ್ಯ ಬಿತ್ತು ಅನ್ನೋದು ನಿಜ. ಶಾಸನ ಇಲ್ಲಿ ಘಟನೆಗೆ ಸಾಕ್ಷಿ ಅಲ್ಲ, ಹಂಬಲಕ್ಕೆ ಸಾಕ್ಷಿ.

ವಿದ್ವಾಂಸರೂ ಇದಕ್ಕೆ ಹೊರತಲ್ಲ. ಬಳ್ಳಾರಿಯಿಂದ ಹೊಸಪೇಟೆ ಕಡೆ ಹೋಗುವಾಗ ಸಿಗುವ ಕುಡತಿನಿಯ ಬೂದಿ ದಿಬ್ಬ ನೋಡಿ. ಜನ ಅದನ್ನು ರಾಕ್ಷಸನ ಚಿತೆ ಅಂದರು. ವಿಜಯನಗರದ ಮೇಲೆ ‘ಎ ಫರ್ಗಾಟನ್ ಎಂಪೈರ್’ ಬರೆದ ರಾಬರ್ಟ್ ಸಿವೆಲ್ 1899ರಲ್ಲಿ ಇಂಥ ದಿಬ್ಬಗಳು ವಿಜಯನಗರ ಕಾಲದ ಸಾಮೂಹಿಕ ಸತಿಯ ಬೂದಿ ಇರಬಹುದು ಅಂತ ವಾದಿಸಿದ. ಎರಡೂ ಚಿತೆಯ ಕಥೆಯೇ. ಇಂಗ್ಲಿಷಿನದು ಮಾತ್ರ ಪತ್ರಿಕೆಯಲ್ಲಿ ಅಚ್ಚಾಯಿತು. ಅದು ಸಗಣಿ ಸುಟ್ಟ ಬೂದಿ ಅಂತ ಗುರುತಿಸಿದವನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ನವಶಿಲಾಯುಗದ ದನಗಾಹಿಗಳ ದೊಡ್ಡಿಗಳ ಬೂದಿ ಅಂತ ಆಲ್ಚಿನ್ 1963ರ ಪುಸ್ತಕದಲ್ಲಿ ವಿವರವಾಗಿ ತೋರಿಸಿದರು. ಸಾವಿರಾರು ವರ್ಷ ಹಿಂದಿನ ಸಗಣಿ ಇವತ್ತೂ ದಿಬ್ಬವಾಗಿ ನಿಂತಿದೆ. ನನಗೆ ಇದು ರಾಕ್ಷಸನಿಗಿಂತ ವಿಚಿತ್ರ.

ಸಿರುಗುಪ್ಪದ ಎರಡು ಬಂಡೆ

ಈಗ ನಿಜವಾಗಿ ‘ಯಾರಿಗೂ ತಿಳಿಯದ’ ಕಥೆಗೆ ಬರುತ್ತೇನೆ. ಅಶೋಕನ ಬಗ್ಗೆ ನಾವೆಲ್ಲ ಶಾಲೆಯಲ್ಲಿ ಓದಿದ್ದು: ಶಾಸನಗಳಲ್ಲಿ ‘ದೇವಾನಂಪಿಯ ಪಿಯದಸಿ’ ಅಂತ ಮಾತ್ರ ಇತ್ತು, ಅದು ಯಾರೆಂದು ಯಾರಿಗೂ ಗೊತ್ತಿರಲಿಲ್ಲ, 1915ರಲ್ಲಿ ಮಸ್ಕಿ ಶಾಸನ ಸಿಕ್ಕಿತು, ಅದರಲ್ಲಿ ಮಾತ್ರ ‘ಅಸೋಕ’ ಅಂತ ಇದೆ. ಸ್ಪರ್ಧಾತ್ಮಕ ಪರೀಕ್ಷೆಗಳ ಗೈಡುಗಳಲ್ಲಿ ಈಗಲೂ ಹೀಗೇ ಕಾಣುತ್ತದೆ.

ಇದರಲ್ಲಿ ಎರಡು ತಪ್ಪು. ಒಂದು, ದೇವಾನಂಪಿಯ ಯಾರೆಂದು ಮಸ್ಕಿಗಿಂತ ಸುಮಾರು 80 ವರ್ಷ ಮುಂಚೆಯೇ ಗೊತ್ತಾಗಿತ್ತು. 1837ರಲ್ಲಿ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಓದಿದಾಗ ಮೊದಲು ಈ ರಾಜ ಸಿಂಹಳದವನು ಅಂದುಕೊಂಡ. ಸಿಂಹಳದಲ್ಲಿದ್ದ ಟರ್ನರ್ ಅಲ್ಲಿನ ಪಾಳಿ ಗ್ರಂಥ ನೋಡಿ, ಪಿಯದಸ್ಸಿ ಅಂದರೆ ಚಂದ್ರಗುಪ್ತನ ಮೊಮ್ಮಗ ಅಶೋಕನೇ ಅಂತ ತೋರಿಸಿದ. ಗಿರ್ನಾರದ ರುದ್ರದಾಮನ ಶಾಸನದಲ್ಲೂ ಮೌರ್ಯ ಅಶೋಕನ ಹೆಸರಿದೆ. ಮಸ್ಕಿ ಮಾಡಿದ್ದು ಒಗಟು ಬಿಡಿಸುವ ಕೆಲಸ ಅಲ್ಲ, ಬಿಡಿಸಿದ ಒಗಟಿಗೆ ಅಶೋಕನ ಸ್ವಂತ ಶಾಸನದಿಂದಲೇ ಮೊಹರು ಒತ್ತಿದ್ದು. ಅದೇನೂ ಕಡಿಮೆ ಗೌರವ ಅಲ್ಲ. ಅಂದಹಾಗೆ ಮಸ್ಕಿ ಬಂಡೆ ಕಂಡವನು ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರ್. ಬಳ್ಳಾರಿ ಸೀಮೆಗೆ ಇಂಜಿನಿಯರ್ ಕಥೆಯೇ ಬೇಕು ಅಂದರೆ ಹೆಸರು, ವರ್ಷ ಎರಡೂ ಇರುವ ಇವನನ್ನು ಇಟ್ಟುಕೊಳ್ಳಬಹುದಿತ್ತು.

ಎರಡನೆಯ ತಪ್ಪು ನಮ್ಮ ಜಿಲ್ಲೆಗೆ ನೇರವಾಗಿ ತಾಗುತ್ತದೆ. ಅಶೋಕನ ಹೆಸರಿರುವ ಅವನ ಶಾಸನ ಮಸ್ಕಿಯದೊಂದೇ ಅಲ್ಲ. ಮಧ್ಯಪ್ರದೇಶದ ಗುಜರ್ರಾದಲ್ಲಿ ಒಂದಿದೆ. ಉಳಿದ ಎರಡು ಸಿರುಗುಪ್ಪ ತಾಲೂಕಿನವು: ತುಂಗಭದ್ರೆ ದಂಡೆಯ ನಿಟ್ಟೂರು ಮತ್ತು ಉದೇಗೋಳ. 1977-78ರಲ್ಲಿ ಬೆಳಕಿಗೆ ಬಂದವು. ಎರಡರಲ್ಲೂ ಹೆಸರಿನ ಜೊತೆ ‘ರಾಜ’ ಅನ್ನುವ ಮಾತೂ ಇದೆ. ಇಡೀ ದೇಶದಲ್ಲಿ ಇಂಥವು ನಾಲ್ಕು, ಅದರಲ್ಲಿ ಎರಡು ಒಂದೇ ತಾಲೂಕಿನಲ್ಲಿ! ಸಿರುಗುಪ್ಪ ಅಂದರೆ ಭತ್ತ, ಅಕ್ಕಿ ಮಿಲ್ಲು ಅಷ್ಟೇ ಅಂದುಕೊಂಡವರಿಗೆ ಇದನ್ನು ಹೇಳಿದರೆ “ಹೌದೇನ್ರಿ?” ಅಂತ ನಗುತ್ತಾರೆ.

ಈ ಗುಂಪಿನ ಶಾಸನಗಳಲ್ಲಿ ಇರುವ ವಿಚಿತ್ರ ಬೇರೆ ಜಾತಿಯದು. ಗುತ್ತಿಯ ಕಡೆಯ ಎರ್ರಗುಡಿಯಲ್ಲಿ ಕೆಲವು ಸಾಲು ಎಡದಿಂದ ಬಲಕ್ಕೆ, ಕೆಲವು ಬಲದಿಂದ ಎಡಕ್ಕೆ ಓಡುತ್ತವೆ, ಹೊಲ ಉಳುವ ಎತ್ತು ತಿರುಗಿದ ಹಾಗೆ. ಅದೇ ಶಾಸನ ಅಪ್ಪಣೆ ಹೇಗೆ ಕೆಳಗಿಳಿಯಬೇಕು ಅಂತಲೂ ಹೇಳುತ್ತದೆ: ರಜ್ಜುಕ ಎಂಬ ಅಧಿಕಾರಿಗೆ ತಿಳಿಸಬೇಕು, ಅವನು ಭೇರಿ ಹೊಡೆಸಿ ಜನಪದಕ್ಕೆ ಸಾರಬೇಕು, ಆನೆ ಮಾವುತರು, ಲೆಕ್ಕ ಬರೆಯುವವರು, ಕುದುರೆ ಪಳಗಿಸುವವರು, ಬ್ರಾಹ್ಮಣರು ತಮ್ಮ ತಮ್ಮ ಶಿಷ್ಯರಿಗೆ ಕಲಿಸಬೇಕು. ಬಂಡೆಯ ಮೇಲಿನ ಪ್ರಾಕೃತ ಇಲ್ಲಿನ ರೈತ ಓದಲಿ ಅಂತ ಅಲ್ಲ ಬಹುಶಃ. ಅವನ ಕಿವಿಗೆ ಬಿದ್ದದ್ದು ಡಂಗುರ. ಬ್ರಹ್ಮಗಿರಿಯಲ್ಲಿ ಚಪಡ ಎಂಬ ಲಿಪಿಕಾರ ತನ್ನ ಕಸುಬಿನ ಹೆಸರನ್ನು ಮಾತ್ರ ವಾಯವ್ಯ ಗಡಿನಾಡಿನ ಖರೋಷ್ಠಿಯಲ್ಲಿ ಬರೆದಿದ್ದಾನೆ. ದೂರದೂರಿನ ನೌಕರ, ಗೊತ್ತಿರದ ನಾಡಿಗೆ ವರ್ಗ, ಅಲ್ಲೊಂದು ಸ್ವಂತ ರುಜು. ನೇಣಿಲ್ಲ, ರಕ್ತ ಇಲ್ಲ. ಆದರೂ 2200 ವರ್ಷದಾಚೆ ಒಬ್ಬ ಮನುಷ್ಯ ಎದ್ದು ಕಾಣುತ್ತಾನೆ.

ಯಾಕೆ ಹೀಗಾಯಿತು

ಇದಕ್ಕೆ ಜನರನ್ನು ದೂರುವ ಹಾಗಿಲ್ಲ. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿಗೆ ಸೇರಿತ್ತು. ಹಾಗಾಗಿ ಬಿ.ಎಲ್. ರೈಸ್ ಮೈಸೂರು ಸೀಮೆಗೆ ಮಾಡಿಕೊಟ್ಟ ಎಪಿಗ್ರಾಫಿಯ ಕರ್ನಾಟಿಕದ ಮೊದಲ ಸಂಪುಟಗಳಲ್ಲಿ ನಮ್ಮ ಊರುಗಳಿಲ್ಲ. ನಮ್ಮವು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ 9ನೇ ಸಂಪುಟ ಮುಂತಾದ ಕಡೆ ಬಂದವು: ಮೇಲೆ ಎರಡು ಮೂರು ಸಾಲು ಇಂಗ್ಲಿಷ್ ಸಾರಾಂಶ, ಕೆಳಗೆ ಹಳಗನ್ನಡ ಪಾಠ, ಅನುವಾದ ಇಲ್ಲ. ಮುಂದೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಬಳ್ಳಾರಿ ಜಿಲ್ಲೆಗೇ ಒಂದು ಶಾಸನ ಸಂಪುಟ ತಂದಿತು. ಅದು ಅಧ್ಯಯನ ಮಾಡುವವರಿಗೆ ವರ. ಆದರೆ ಕೋಟೆ ಮೆಟ್ಟಿಲ ಮೇಲೆ ನಿಂತು ಹೇಳಬಹುದಾದ ಕಥೆಯಾಗಿ ಅದನ್ನು ಇಳಿಸುವ ಕೆಲಸ ನಾವು ಹವ್ಯಾಸಿಗಳು ಮಾಡಲಿಲ್ಲ. ಖಾಲಿ ಬಿಟ್ಟ ಜಾಗಕ್ಕೆ ಫ್ರೆಂಚ್ ಇಂಜಿನಿಯರ್ ಬಂದು ಕೂತ.

ಇದರಿಂದ ಏನು ನಷ್ಟ ಅಂತ ಕೇಳಬಹುದು. ಕಥೆ ಇರುವ ಕಲ್ಲನ್ನು ಜನ ಕಾಯುತ್ತಾರೆ, ಕಥೆ ಇಲ್ಲದ ಕಲ್ಲು ಜಲ್ಲಿ ಆಗುತ್ತದೆ. ಗ್ರಾನೈಟ್ ಸೀಮೆಯಲ್ಲಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗೋರಿಯ ಕಥೆ ತಪ್ಪಾದರೂ ಗೋರಿಗೆ ಧಕ್ಕೆ ಇಲ್ಲ, ಅದಕ್ಕೆ ಇಬ್ಬರು ವಾರಸುದಾರರಿದ್ದಾರೆ. ಹೊಲದಲ್ಲಿ ಒರಗಿದ ವೀರಗಲ್ಲಿಗೆ ಒಬ್ಬರೂ ಇಲ್ಲ.

ಹಾಗಂತ ಇಂಜಿನಿಯರ್ ಕಥೆ ಬಿಟ್ಟುಬಿಡಿ ಅನ್ನಲ್ಲ. ನಾನೂ ಬಿಟ್ಟಿಲ್ಲ. ಈಗ ಹೇಳುವಾಗ “ಹೀಗಂತಾರೆ” ಅಂತ ಸೇರಿಸುತ್ತೇನೆ, ಎರಡೂ ಗುಡ್ಡ ತೋರಿಸಿ “ನೀವೇ ಹೇಳಿ, ಕಾಣಲ್ವಾ ಇದು?” ಅಂತ ಕೇಳುತ್ತೇನೆ. ಮಕ್ಕಳು ಕೂಡಲೇ ಹಿಡಿಯುತ್ತಾರೆ. ಆಮೇಲೆ ಸಮಯ ಇದ್ದರೆ ಸಿರುಗುಪ್ಪದ ದಾರಿ ಹಿಡಿಯುತ್ತೇವೆ. ನೀವೂ ಹೋಗಿ. ಹೋದಾಗ ಅಕ್ಷರದ ಮೇಲೆ ಸುಣ್ಣ, ಸೀಮೆಸುಣ್ಣ ಬಳಿಯಬೇಡಿ. ಸಂಜೆಯ ಓರೆ ಬಿಸಿಲಿಗೆ ಕಾದರೆ ಅಕ್ಷರ ತಾನಾಗೇ ಏಳುತ್ತದೆ. ಬಂಡೆಯ ಹತ್ತಿರ ಸಿಕ್ಕವರಿಗೆ ಅದರಲ್ಲಿ ಯಾರ ಹೆಸರಿದೆ ಅಂತ ಹೇಳಿ ಬನ್ನಿ. ನಾಳೆ ಆ ಬಂಡೆ ಪಕ್ಕ ಇರುವವರು ಅವರೇ.